ದಂಡಿನ ಬೀದಿಯಲ್ಲಿ ಕುಡಿತ ಬಿಟ್ಟವರ ಕೂಟ

ಬೆಂಗಳೂರಿನ ಹಳಬರ ಬಾಯಲ್ಲಿ ಕಂಟೋನ್ಮೆಂಟ್ ಎಂದರೆ ಇಂದಿಗೂ ‘ದಂಡು’. 1809ರ ಸುಮಾರಿಗೆ ಬ್ರಿಟಿಷರು ಶ್ರೀರಂಗಪಟ್ಟಣದಿಂದ ತಮ್ಮ ಸೇನೆಯನ್ನು ಇಲ್ಲಿಗೆ ತಂದು ನೆಲೆಗೊಳಿಸಿದಾಗ ಅದರ ಬೆನ್ನಿಗೇ ದರ್ಜಿಗಳು, ಅಡುಗೆಯವರು, ಗಾಡಿ ಹೊಡೆಯುವವರು, ವ್ಯಾಪಾರಿಗಳು ಬಂದರು. ಅಂಥವರ ವಸತಿಯಾಗಿ ಬೆಳೆದ ಬ್ಲ್ಯಾಕ್‌ಪಲ್ಲಿಯೇ ಇಂದಿನ ಶಿವಾಜಿನಗರ.

ಹೆಂಡ, ಸಾರಾಯಿ ನಮ್ಮ ನಾಡಿಗೆ ಹೊಸತೇನಲ್ಲ. ಆದರೆ ಸಿಪಾಯಿಗೆ ಸರ್ಕಾರವೇ ಮದ್ಯ ಅಳೆದು ಕೊಡುವ ಪದ್ಧತಿ ದಂಡಿನದು. ಹೀಗೆ ಕುಡಿಸಿದ ಸೇನೆಯೇ ಮುಂದೆ ಕುಡಿತಕ್ಕೆ ಹೆದರಬೇಕಾಯಿತು. 1862ರಲ್ಲಿ ಆಗ್ರಾದಲ್ಲಿ ಸೈನಿಕರ ಪಾನತ್ಯಾಗ ಸಂಘವೊಂದು ಹುಟ್ಟಿತು. ಇಂತಹ ಸಂಘಗಳಲ್ಲಿ ಸೈನಿಕ ಪ್ರತಿಜ್ಞೆ ಮಾಡಬೇಕು. ಮಾತು ಉಳಿಸಿಕೊಂಡರೆ ಪದಕ. ಮಾತು ತಪ್ಪಿದವನಿಗೆ ಮಾತ್ರ ಅವಮಾನವೇ ಗತಿ.

ಸ್ವಾತಂತ್ರ್ಯಾನಂತರ ಈ ಕೆಲಸವನ್ನು ಕಾನೂನು ವಹಿಸಿಕೊಂಡಿತು. ಸಂವಿಧಾನದ 47ನೇ ವಿಧಿ ಪಾನನಿರೋಧವನ್ನು ಸರ್ಕಾರದ ಗುರಿಯೆಂದು ಸಾರಿತು. ಮೈಸೂರು ರಾಜ್ಯದ ಹಲವು ಜಿಲ್ಲೆಗಳಲ್ಲಿ ಜಾರಿಯಲ್ಲಿದ್ದ ಪಾನನಿರೋಧ 1967ರಲ್ಲಿ ಕೊನೆಗೊಂಡಿತು. 1981ರಲ್ಲಿ ವಿಷಮದ್ಯ ಕುಡಿದು ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. 2007ರಲ್ಲಿ ರಾಜ್ಯ ಸಾರಾಯಿಯನ್ನು ನಿಷೇಧಿಸಿತು. ಮರುವರ್ಷವೇ ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿಭಾಗದಲ್ಲಿ ಕಳ್ಳಭಟ್ಟಿ ಮತ್ತೆ ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಕಾನೂನು ಅಂಗಡಿಯ ಬಾಗಿಲು ಮುಚ್ಚಿಸಬಲ್ಲದು. ಸಂಜೆಯಾದೊಡನೆ ನಡುಗುವ ಕೈಯನ್ನು ಹಿಡಿಯಲಾರದು.

ಆ ಕೈ ಹಿಡಿಯುವ ಮೂರನೆಯ ದಾರಿ ಕಂಡದ್ದು ದೂರದ ಅಮೆರಿಕದಲ್ಲಿ. 1935ರ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದ ಮನುಷ್ಯ ಒಹಾಯೋ ರಾಜ್ಯದ ಆಕ್ರನ್ ಊರಿಗೆ ಹೋಗಿದ್ದ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಹೋದ ಕೆಲಸ ಕೆಟ್ಟಿತು. ತಂಗಿದ್ದ ಹೋಟೆಲಿನ ಬಾರಿನಿಂದ ನಗು, ಮಾತು ಕೇಳಿಬರುತ್ತಿತ್ತು. ಒಳಗೆ ಹೋಗುವ ಬದಲು ಅವನು ಅಲ್ಲಿದ್ದ ಚರ್ಚುಗಳ ಪಟ್ಟಿ ನೋಡಿ ಫೋನು ಮಾಡಿದ. ಮಾತಾಡಲು ತನ್ನಂತಹ ಇನ್ನೊಬ್ಬ ಕುಡುಕ ಬೇಕೆಂದು ಕೇಳಿದ. ಕೊನೆಗೆ ಸಿಕ್ಕವನು ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯ. ಅಂದು ಬಿಲ್ ಉಪದೇಶ ಮಾಡಲಿಲ್ಲ. ತನ್ನ ಕತೆ ಹೇಳಿಕೊಂಡ. ಅದೇ ವರ್ಷದ ಜೂನ್ 10, ಡಾಕ್ಟರ್ ಬಾಬ್ ಕೊನೆಯ ಬಾರಿ ಕುಡಿದ ದಿನವೆಂದು ಎಣಿಸಲ್ಪಟ್ಟು, ಆಲ್ಕೊಹಾಲಿಕ್ಸ್ ಅನಾನಿಮಸ್ ಅಥವಾ ಎ.ಎ. ಸಂಸ್ಥೆಯ ಹುಟ್ಟುಹಬ್ಬವಾಯಿತು. ನಮ್ಮ ದೇಶದಲ್ಲಿ ಇದು ಬೇರೂರಿದ್ದು 1957ರಲ್ಲಿ, ಮುಂಬಯಿಯಲ್ಲಿ. ಇಂದು ಬೆಂಗಳೂರಿನಲ್ಲಿ ಇಂಗ್ಲಿಷ್, ಕನ್ನಡ, ತಮಿಳು ಮಾತಾಡುವ ಗುಂಪುಗಳಿವೆ.

ಶಿವಾಜಿನಗರದಂತಹ ಕಡೆ ಈ ಕೂಟವನ್ನು ಹುಡುಕುವುದೂ ಬಿಲ್ ಹುಡುಕಿದ ರೀತಿಯಲ್ಲೇ, ಕೇಳಿಕೊಂಡು ಹೋಗಿ. ಸಾಮಾನ್ಯವಾಗಿ ಕೂಟ ಸೇರುವುದು ಚರ್ಚಿನ ಪಕ್ಕದ ಕೊಠಡಿಯಲ್ಲೋ, ಶಾಲೆಯಲ್ಲೋ. ಎ.ಎ. ಸಹಾಯವಾಣಿಗೆ ಫೋನು ಮಾಡಿದರೆ ಹತ್ತಿರದ ಸ್ಥಳ, ವೇಳೆ ತಿಳಿಯುತ್ತದೆ. ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲೂ ವಿಚಾರಿಸಬಹುದು. ‘ಮುಕ್ತ’ ಸಭೆಗೆ ಮನೆಯವರೂ ಹೋಗಬಹುದು. ಉಳಿದವು ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಕುಡುಕರ ಮನೆಮಂದಿಗೆಂದೇ 1951ರಲ್ಲಿ ಆರಂಭವಾದ ಅಲ್-ಅನಾನ್ ಎಂಬ ಕೂಟವೂ ಇದೆ.

ಒಳಗೆ ಹೋದವರಿಗೆ ಮೊದಲು ಆಗುವುದು ಅಚ್ಚರಿ. ಶುಲ್ಕವಿಲ್ಲ, ಹಾಜರಿ ಪುಸ್ತಕವಿಲ್ಲ, ಯಾವ ಜಾತಿ, ಎಷ್ಟು ಸಂಬಳ ಎಂಬ ವಿಚಾರಣೆಯಿಲ್ಲ. ಹೆಸರಿನ ಮೊದಲ ಭಾಗವಷ್ಟೇ ಸಾಕು. ಒಬ್ಬರಾದ ಮೇಲೆ ಒಬ್ಬರು ತಮ್ಮ ಅನುಭವ ಹೇಳುತ್ತಾರೆ. ನಡುವೆ ಬಾಯಿ ಹಾಕುವವರಿಲ್ಲ. ಹೊಸಬರು ಸುಮ್ಮನೆ ಕೂತು ಕೇಳಿ ಬರಬಹುದು. ಖರ್ಚಿಗೆ ಸದಸ್ಯರೇ ಕೈಲಾದಷ್ಟು ಹಾಕುತ್ತಾರೆ. ಜೀವನಪೂರ್ತಿ ಕುಡಿಯುವುದಿಲ್ಲವೆಂದು ಯಾರೂ ಆಣೆ ಹಾಕಿಸುವುದಿಲ್ಲ. ಇವತ್ತೊಂದು ದಿನ ಕುಡಿಯದಿದ್ದರೆ ಸಾಕು ಎಂಬುದೇ ಇಲ್ಲಿನ ಲೆಕ್ಕ. ಮಾತು ತಪ್ಪಿ ಕುಡಿದವನಿಗೂ ಮರುದಿನ ಕುರ್ಚಿ ಇರುತ್ತದೆ. ಸೇನೆಯ ಪ್ರತಿಜ್ಞೆಗೂ ಇದಕ್ಕೂ ಇರುವ ಮುಖ್ಯ ಅಂತರ ಇದೇ.

ಒಂದು ಎಚ್ಚರಿಕೆ ಅಗತ್ಯ. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್, ಚಿತ್ತಭ್ರಮೆ ಉಂಟಾಗಿ ಜೀವಕ್ಕೇ ಅಪಾಯವಾಗಬಹುದು. ಆದ್ದರಿಂದ ಮೊದಲು ವೈದ್ಯರನ್ನು ಕಾಣಬೇಕು. ಶಿವಾಜಿನಗರದಲ್ಲೇ ಬೌರಿಂಗ್ ಆಸ್ಪತ್ರೆಯಿದೆ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಮೀಸಲಾದ ವಿಭಾಗವಿದೆ. ಕೂಟ ಔಷಧಿಗೆ ಬದಲಿಯಲ್ಲ. ಎಲ್ಲರಿಗೂ ಅದು ಒಗ್ಗುವುದೂ ಇಲ್ಲ. ಆದರೂ 2020ರಲ್ಲಿ 27 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ವರದಿ, ಕುಡಿಯದೆ ಉಳಿಯುವ ವಿಷಯದಲ್ಲಿ ಎ.ಎ. ಮಾರ್ಗ ಇತರ ಚಿಕಿತ್ಸಾಕ್ರಮಗಳಿಗೆ ಕಡಿಮೆಯಿಲ್ಲ, ಕೆಲವೊಮ್ಮೆ ಮೇಲು ಎಂದು ಕಂಡುಕೊಂಡಿತು.

ಇದರ ಗುಟ್ಟು ದೊಡ್ಡದೇನಲ್ಲ. ಆಕ್ರನ್ನಿನಲ್ಲಿ ಬಿಲ್ ಫೋನು ಮಾಡಿದ್ದು ಇನ್ನೊಬ್ಬನನ್ನು ಉದ್ಧರಿಸಲಿಕ್ಕಲ್ಲ, ಆ ಸಂಜೆ ತಾನು ಬಾರಿನೊಳಗೆ ಹೋಗದೆ ಉಳಿಯಲಿಕ್ಕೆ. ಆದ್ದರಿಂದ ಕೂಟದ ಬಾಗಿಲಲ್ಲಿ ಸಂಕೋಚದಿಂದ ನಿಂತ ಹೊಸಬ ಯಾರಿಗೂ ಹೊರೆಯಲ್ಲ. ಅವನು ಬಂದದ್ದರಿಂದ ಒಳಗೆ ಕೂತವರಿಗೂ ಅಂದಿನ ದಿನ ಕಳೆಯಲು ನೆರವಾಗುತ್ತದೆ.