ಪ್ರೈಡ್ ನಡಿಗೆ ಯಾರದ್ದು? ಚಂದಕವಾಡಿಯಿಂದ ಒಂದಿಷ್ಟು ಚರಿತ್ರೆ



ಬೆಂಗಳೂರಿನ ಪ್ರೈಡ್ ನಡಿಗೆಯ ಒಂದು ಫೋಟೋ ಹಾಕಿದ್ದೆ. ಕೆಳಗೆ ನಮ್ಮದೇ ಸಂಘಟನೆಯ ಒಬ್ಬ ಹುಡುಗ ಬರೆದ: "ಅಣ್ಣ, ಹೆಗ್ಗೊಠಾರದಲ್ಲಿ ನಮ್ಮ ಹೆಂಗಸು ನೀರು ಕುಡಿದಳು ಅಂತ ಟ್ಯಾಂಕ್ ಖಾಲಿ ಮಾಡಿ ಗಂಜಲ ಹಾಕಿ ತೊಳೆದ್ರು. ಅದನ್ನ ಬಿಟ್ಟು ನಿಂಗ್ಯಾಕೆ ಇಂಗ್ಲಿಷ್ ಮಾತಾಡೋರ ಹಬ್ಬ?" ಹುಡುಗ ಕೆಟ್ಟವನಲ್ಲ. 2022ರ ನವೆಂಬರಿನಲ್ಲಿ ಹೆಗ್ಗೊಠಾರದ ಸುದ್ದಿ ಬಂದಾಗ ಮೊದಲು ಬೈಕ್ ಹತ್ತಿದವನೇ ಅವನು. ಅವನ ಪ್ರಶ್ನೆಯಲ್ಲಿ ಅರ್ಧ ಸತ್ಯ ಇದೆ ಅಂತಲೇ ಇದನ್ನ ಬರೀತಿದ್ದೀನಿ. ಉದ್ದ ಆಗುತ್ತೆ, ಕೂತು ಓದಿ.

ಮೊದಲು ಆ ಅರ್ಧ ಸತ್ಯ. ಬೆಂಗಳೂರಲ್ಲಿ 1994ರಿಂದಲೇ 'ಗುಡ್ ಆ್ಯಸ್ ಯು' ಅನ್ನೋ ಗುಂಪು ಸೇರುತ್ತಿತ್ತು. ಓದಿದವರು, ಕೆಲಸದಲ್ಲಿದ್ದವರು, ಹೆಚ್ಚಾಗಿ ಇಂಗ್ಲಿಷಿನಲ್ಲೇ ಮಾತು. ಅದರಲ್ಲಿ ತಪ್ಪೇನಿಲ್ಲ, ಅವರ ನೋವೂ ನೋವೇ. ಆದರೆ ಕರ್ನಾಟಕದಲ್ಲಿ ಈ ಹೋರಾಟ ಬೀದಿಗೆ ಬಂದದ್ದು ಪಾರ್ಕು, ಬಸ್‌ಸ್ಟ್ಯಾಂಡು, ಹಮಾಮುಗಳಿಂದ. ಪೊಲೀಸರ ಲಾಠಿ ತಿಂದ ಹಿಜ್ರಾಗಳು, ಕೋತಿಗಳು, ಲೈಂಗಿಕ ವೃತ್ತಿ ಮಾಡುವ ಬಡವರು ಅದನ್ನು ಬೀದಿಗೆ ತಂದರು. 1999ರಲ್ಲಿ 'ಸಂಗಮ' ಶುರುವಾಯಿತು. 2001ರಲ್ಲಿ ಪಿಯುಸಿಎಲ್ ಕರ್ನಾಟಕ ಘಟಕ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯದ ಬಗ್ಗೆ ವರದಿ ತಂದಿತು. 2003ರಲ್ಲಿ ಇನ್ನೊಂದು ವರದಿ, ಅದು ಬರೀ ಹಿಜ್ರಾ ಮತ್ತು ಕೋತಿ ಲೈಂಗಿಕ ವೃತ್ತಿನಿರತರ ಮೇಲೆ. ಓದಿ ನೋಡಿ. ದುಡ್ಡು ಕಿತ್ತುಕೊಳ್ಳೋದು, ಠಾಣೆಗೆ ಎಳೆಯೋದು, ಬಾಡಿಗೆ ಮನೆ ಕೊಡದಿರೋದು. ಹೆಸರು ಬದಲಿಸಿದರೆ ನಮ್ಮ ಕೇರಿಯ ಕತೆ.

ಈ ಎರಡು ವರದಿಗಳ ನಡುವೆ, 2002ರಲ್ಲಿ, ಬೆಂಗಳೂರಿನಲ್ಲಿ 'ಹಿಜ್ರಾ ಹಬ್ಬ' ನಡೆಯಿತು. ಪ್ರೈಡ್ ಅನ್ನೋ ಇಂಗ್ಲಿಷ್ ಪದ ನಮ್ಮ ಬೀದಿಗೆ ಇಳಿಯುವುದಕ್ಕೆ ಆರು ವರ್ಷ ಮೊದಲು. ನೆನಪಿರಲಿ, ಹೆಸರೇ 'ಹಬ್ಬ' ಅಂತ.

2004ರ ಜೂನ್ 18ರ ರಾತ್ರಿ ಬೆಂಗಳೂರಿನಲ್ಲಿ ಒಬ್ಬ ಹಿಜ್ರಾ ಹೆಣ್ಣುಮಗಳ ಮೇಲೆ ಗೂಂಡಾಗಳು ಸಾಮೂಹಿಕ ಅತ್ಯಾಚಾರ ಮಾಡಿದರು. ಪೊಲೀಸರು ಬಂದರು. ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದವರು ಠಾಣೆಗೆ ಕರೆದುಕೊಂಡು ಹೋಗಿ ಬಟ್ಟೆ ಬಿಚ್ಚಿಸಿ, ಕಿಟಕಿಗೆ ಬೇಡಿ ಹಾಕಿ ಹಿಂಸೆ ಕೊಟ್ಟರು. ಆಕೆ ಮುಚ್ಚಿಟ್ಟುಕೊಳ್ಳಲಿಲ್ಲ, ದೂರು ಕೊಟ್ಟಳು. ಸಮುದಾಯ ಬೀದಿಗಿಳಿಯಿತು.

'ಬಟ್ಟೆ ಬಿಚ್ಚಿಸಿ' ಅನ್ನೋ ಮಾತಿನ ಹತ್ತಿರ ನಾನು ನಿಂತುಬಿಡ್ತೀನಿ. 2019ರ ಜೂನ್‌ನಲ್ಲಿ ನಮ್ಮ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಒಂದು ಶನಿದೇವರ ಗುಡಿ ಹತ್ತಿರ ನಮ್ಮ ಹುಡುಗನೊಬ್ಬನ ಕೈ ಕಟ್ಟಿ ಬೆತ್ತಲೆ ನಡೆಸಿದ ವಿಡಿಯೋ ನೀವೆಲ್ಲ ನೋಡಿದ್ದೀರಿ. ಅವತ್ತು ನಮಗೆ ರಕ್ತ ಕುದಿಯಿತು. ಅಂಥದ್ದನ್ನೇ ಠಾಣೆಯೊಳಗೆ ಮಾಡಿದಾಗ ಅದು 'ಅವರ' ವಿಷಯ ಹೇಗಾಗುತ್ತೆ?

ಕಾನೂನಿನಲ್ಲೂ ನಮ್ಮನ್ನು ಅಕ್ಕಪಕ್ಕ ಕೂರಿಸಿದ್ದಾರೆ. 1871ರ ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟಿನ ಮೊದಲ ಭಾಗ ಹುಟ್ಟಿನಿಂದಲೇ ಕಳ್ಳರು ಅಂತ ಕೆಲವು ಸಮುದಾಯಗಳನ್ನು ಪಟ್ಟಿ ಮಾಡಿತು. ಎರಡನೇ ಭಾಗ ಉತ್ತರ ಭಾರತದ ಹಿಜ್ರಾಗಳ ಹೆಸರು, ಆಸ್ತಿ ರಿಜಿಸ್ಟರ್ ಮಾಡಿಸಿತು. ಒಂದೇ ಪುಸ್ತಕ, ಎರಡು ಅಧ್ಯಾಯ. ಮೊದಲ ಅಧ್ಯಾಯ 1911ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ ಬಂತು. ನಮ್ಮ ಕೊಳ್ಳೇಗಾಲ ಆಗ ಆ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಬ್ರಿಟಿಷರು ಹೋದರು, ಬುದ್ಧಿ ಉಳೀತು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅಂತ ಒಂದು ಕಲಂ ಸೇರಿಸಿ, ಮತ್ತೆ ಹಿಜ್ರಾಗಳ ರಿಜಿಸ್ಟರ್ ಇಡುವ ಅಧಿಕಾರ ಕೊಟ್ಟರು. ಸಮುದಾಯದವರು ಹೈಕೋರ್ಟಿಗೆ ಹೋದ ಮೇಲೆ ಸರ್ಕಾರ ಅವರನ್ನು ಗುರಿ ಮಾಡಿದ ಪದ ತೆಗೆದು 'ವ್ಯಕ್ತಿ' ಅಂತ ಹಾಕಿತು.

ಈಗ ನಡಿಗೆಯ ವಿಷಯ. ದೇಶದಲ್ಲಿ ಮೊದಲನೆಯದು ಕೋಲ್ಕತ್ತದಲ್ಲಿ, 1999ರ ಜುಲೈ 2ರಂದು, ಹದಿನೈದೇ ಜನ. ಬೆಂಗಳೂರಿನ ಮೊದಲ ಪ್ರೈಡ್ 2008ರ ಜೂನ್ 29, ಅದೇ ದಿನ ದೆಹಲಿ ಮತ್ತು ಕೋಲ್ಕತ್ತದಲ್ಲೂ. ಜೂನ್ ಯಾಕೆ ಅಂದರೆ, 1969ರ ಜೂನ್‌ನಲ್ಲಿ ನ್ಯೂಯಾರ್ಕಿನ ಸ್ಟೋನ್‌ವಾಲ್ ಅನ್ನೋ ಬಾರಿನಲ್ಲಿ ಪೊಲೀಸ್ ದಾಳಿ ಎದುರಿಸಿ ಜನ ತಿರುಗಿಬಿದ್ದಿದ್ದರು. ಅಲ್ಲೂ ಮುಂದಿದ್ದವರಲ್ಲಿ ಮಾರ್ಷಾ ಜಾನ್ಸನ್ ಥರದ ಕಪ್ಪು ಜನ ಇದ್ದರು. ಬೆಂಗಳೂರಿನ ಆ ಮೊದಲ ನಡಿಗೆಯಲ್ಲಿ ಹಲವರು ಮುಖವಾಡ ಹಾಕಿಕೊಂಡಿದ್ದರು. ಮನೆಗೆ ಗೊತ್ತಾದರೆ? ಓನರ್‌ಗೆ ಗೊತ್ತಾದರೆ? ಹಿಜ್ರಾ ಅಕ್ಕಂದಿರಿಗೆ ಮುಖವಾಡದ ಅನುಕೂಲ ಎಲ್ಲಿಂದ ಬರಬೇಕು, ಅವರು ದಿನಾ ಸಿಗ್ನಲ್ಲಿನಲ್ಲಿ ಬರೀ ಮುಖದಲ್ಲೇ ನಿಲ್ಲೋರು.

ಅದೇ ವರ್ಷ ಅಕ್ಟೋಬರಿನಲ್ಲಿ ಬೆಂಗಳೂರು ಪೊಲೀಸರು ಹಿಜ್ರಾಗಳನ್ನು ಹಿಡಿದುಹಾಕಿದರು. ಕೇಳೋಕೆ ಹೋದ ಕಾರ್ಯಕರ್ತರಿಗೂ ಹೊಡೆದು ಒಳಗೆ ಹಾಕಿದರು. ಬಣ್ಣದ ಬಾವುಟ ಹಿಡಿದು ನಾಲ್ಕು ತಿಂಗಳೂ ಆಗಿರಲಿಲ್ಲ. 2009ರಿಂದ ನಡಿಗೆಯ ಜೊತೆ ಕರ್ನಾಟಕ ಕ್ವಿಯರ್ ಹಬ್ಬ ಸೇರಿಕೊಂಡಿತು. ನಾಟಕ, ಸಿನಿಮಾ, ಆಟ, ಚರ್ಚೆ.

ನಾನು ಹೋದ ವರ್ಷ ಟೌನ್ ಹಾಲ್ ಹತ್ತಿರ ತಮಟೆ ಕೇಳಿಸಿತು. ನಮ್ಮ ತಮಟೆ! ಸಾವಿಗೆ, ಸಾರುವುದಕ್ಕೆ ಅಂತ ನಮ್ಮ ಹೆಗಲಿಗೆ ಹೇರಿದ್ದ ಚರ್ಮಕ್ಕೆ ಅಕ್ಕಂದಿರು ಕುಣೀತಿದ್ದರು. ಕಂಪನಿಗಳ ಹೆಸರಿನ ಟೀ ಶರ್ಟ್ ಹಾಕಿದವರೂ ಇದ್ದರು, ಸುಳ್ಳು ಹೇಳಲ್ಲ. ಅವರು ಸೆಲ್ಫಿ ತಗೊಂಡು ಕಾರು ಹತ್ತಿದರು, ಅಕ್ಕಂದಿರು ಬಸ್ಸಿಗೆ ಕಾದರು. ಜಾತಿ ಕಾಮನಬಿಲ್ಲಿನ ಕೆಳಗೂ ಇದೆ. 2015ರಲ್ಲಿ ದೆಹಲಿಯ ಪ್ರೈಡ್‌ನಲ್ಲಿ ಧ್ರುಬೋ ಜ್ಯೋತಿ, ಅಖಿಲ್ ಕಾಂಗ್, ಧೀರೇನ್ ಬೋರಿಸಾ ತಾವು ದಲಿತರೂ ಹೌದು, ಕ್ವಿಯರ್ ಕೂಡ ಹೌದು ಅಂತ ಬಹಿರಂಗವಾಗಿ ನಿಂತರು. ತಮಿಳುನಾಡಿನ ಗ್ರೇಸ್ ಬಾನು ಮೀಸಲಾತಿಗೆ ಹಟ ಹಿಡಿದು ಹೋರಾಡುತ್ತಿರುವುದೂ ಇದೇ ಕಾರಣಕ್ಕೆ. ದಲಿತ ಟ್ರಾನ್ಸ್ ಹೆಣ್ಣನ್ನು ಒಟ್ಟಾಗಿ ಹಿಂದುಳಿದ ವರ್ಗಕ್ಕೆ ಸೇರಿಸಿಬಿಟ್ಟರೆ ಅವಳ ಎಸ್‌ಸಿ ಹಕ್ಕು ಎಲ್ಲಿಗೆ ಹೋಗುತ್ತೆ? ಈ ವಿಚಾರದಲ್ಲಿ ಕರ್ನಾಟಕ ಒಂದು ಒಳ್ಳೆ ಕೆಲಸ ಮಾಡಿದೆ. 2021ರ ಜುಲೈನಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇ. 1 ಸಮತಲ ಮೀಸಲಾತಿ ತಂದಿತು, ಸಾಮಾನ್ಯ, ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗ, ಪ್ರತಿಯೊಂದರ ಒಳಗೂ. ಇದನ್ನು ಮಾಡಿದ ಮೊದಲ ರಾಜ್ಯ ನಮ್ಮದು. ಯಾರೂ ತಾನಾಗಿ ಕೊಟ್ಟದ್ದಲ್ಲ, 'ಸಂಗಮ' ಹೈಕೋರ್ಟಿಗೆ ಹೋಗಿ ಪಡೆದದ್ದು.

ಇನ್ನು ಬಾಬಾಸಾಹೇಬರು. "ಅಂಬೇಡ್ಕರ್ ಇದನ್ನೆಲ್ಲ ಹೇಳಿದ್ದಾರಾ?" ಅಂತ ಕೇಳೋರಿಗೆ ಎರಡು ವಿಷಯ. 1934ರಲ್ಲಿ ಮುಂಬೈಯ ರ.ಧೋ. ಕರ್ವೆ ಅವರ 'ಸಮಾಜ ಸ್ವಾಸ್ಥ್ಯ' ಪತ್ರಿಕೆಯ ಮೇಲೆ ಅಶ್ಲೀಲತೆಯ ಕೇಸು ಬಿತ್ತು. ಓದುಗರು ಹಸ್ತಮೈಥುನ, ಸಲಿಂಗಕಾಮದ ಬಗ್ಗೆ ಕೇಳಿದ್ದಕ್ಕೆ ಅವರು ಉತ್ತರ ಕೊಟ್ಟಿದ್ದರು. ಕೋರ್ಟಿನಲ್ಲಿ ಅವರ ಪರ ನಿಂತ ವಕೀಲ ಡಾ. ಅಂಬೇಡ್ಕರ್. ಲೈಂಗಿಕತೆ ಬಗ್ಗೆ ಬರೆದರೆ ಅದು ತಾನಾಗಿ ಅಶ್ಲೀಲ ಆಗಲ್ಲ, ಜನ ಕೇಳಿದ್ದಕ್ಕೆ ಉತ್ತರ ಸಿಗಬೇಕು ಅಂತ ವಾದಿಸಿದರು, ಹ್ಯಾವ್ಲಾಕ್ ಎಲ್ಲಿಸ್ ಅವರ ಸಂಶೋಧನೆ ಮುಂದಿಟ್ಟರು. ಕೇಸು ಸೋತರು, ಕರ್ವೆಗೆ 200 ರೂಪಾಯಿ ದಂಡ ಬಿತ್ತು. 1934ರಲ್ಲಿ! ಎರಡನೆಯದು, 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅವರು ಸಾಂವಿಧಾನಿಕ ನೈತಿಕತೆಯ ಬಗ್ಗೆ ಮಾತಾಡಿದ್ದರು. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್ 377ನೇ ಕಲಮಿನ ವಿರುದ್ಧ ತೀರ್ಪು ಕೊಟ್ಟಾಗ ಅದೇ ಮಾತನ್ನು ಆಧಾರ ಮಾಡಿಕೊಂಡಿತು. 2013ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು, 2018ರ ಸೆಪ್ಟೆಂಬರ್ 6ರಂದು ತಾನೇ ತಿದ್ದಿಕೊಂಡಿತು. ಊರಿನ ನೀತಿ ಬೇರೆ, ಸಂವಿಧಾನದ ನೀತಿ ಬೇರೆ ಅನ್ನೋದನ್ನ ನಮಗಿಂತ ಚೆನ್ನಾಗಿ ಯಾರು ಬಲ್ಲರು?

ನಮ್ಮ ಚಳವಳಿಗೂ ಒಂದು ಮಾತು ಹೇಳಬೇಕು. 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು ದಸಂಸ ಎದುರಿಸಿತು. ಅಲ್ಲಿ ಕಾರ್ಯಕರ್ತರ, ಪೊಲೀಸರ ಬಟ್ಟೆಯನ್ನೇ ಕಿತ್ತರು, ಆಮೇಲೆ ಆ ಸೇವೆ ನಿಷೇಧವಾಯಿತು. ಆ ಹೋರಾಟ ಸರಿ, ಇವತ್ತಾದರೂ ಅದನ್ನೇ ಮಾಡ್ತೀವಿ. ಆದರೆ ಎಲ್ಲಮ್ಮನ ಜಾತ್ರೆಯಲ್ಲಿ ಸೀರೆ ಉಟ್ಟು ಬಂದ ಜೋಗಪ್ಪನನ್ನು ನಾವು ಬರೀ 'ಮೂಢನಂಬಿಕೆ' ಅಂತ ನೋಡಿದೆವು. ಮನೆಯಿಂದ ಹೊರಗೆ ಹಾಕಿಸಿಕೊಂಡ ಆ ಜೀವಕ್ಕೆ ದೇವರ ಹೆಸರು ಬಿಟ್ಟರೆ ಬೇರೆ ಬಾಗಿಲು ಎಲ್ಲಿತ್ತು ಅಂತ ಕೇಳಲಿಲ್ಲ. ಮಂಜಮ್ಮ ಜೋಗತಿ 2019ರಲ್ಲಿ ಜಾನಪದ ಅಕಾಡೆಮಿ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು, ಆಗ ಎಲ್ಲರೂ ಸ್ಟೇಟಸ್ ಹಾಕಿದೆವು. ಎ. ರೇವತಿಯವರ ಆತ್ಮಕತೆಯನ್ನು 'ಬದುಕು ಬಯಲು' ಅಂತ ಕನ್ನಡಕ್ಕೆ ತಂದವರು ನಮ್ಮ ದು. ಸರಸ್ವತಿ. ಜನಮನದಾಟದವರು ಅದನ್ನು ನಾಟಕ ಮಾಡಿ ಊರೂರಿಗೆ ಒಯ್ದರು.

ಕಡೆಗೆ ನಮ್ಮ ಬೀದಿ. ನಮ್ಮ ಕೇರಿಯಲ್ಲಿ ನನಗಿಂತ ಎರಡು ವರ್ಷ ದೊಡ್ಡವನೊಬ್ಬ ಇದ್ದ. ಒಟ್ಟಿಗೇ ಹಾಸ್ಟೆಲಲ್ಲಿ ಇದ್ದೆವು. ಹತ್ತನೇ ಕ್ಲಾಸು ಆದ ಮೇಲೆ ಊರು ಬಿಟ್ಟ. ಹದಿನಾಲ್ಕು ವರ್ಷದ ಮೇಲೆ ಅವ್ವ ಸತ್ತಾಗ ಬಂದಳು, ಸೀರೆಯಲ್ಲಿ. ಯಜಮಾನರು ಮಣ್ಣು ಹಾಕೋಕೆ ಬಿಡಲಿಲ್ಲ. "ಗಂಡಾಗಿ ಬಾ, ಇಲ್ಲಾ ದೂರ ನಿಂತ್ಕೊ" ಅಂದರು. ಯಾವ ಮೇಲ್ಜಾತಿಯವನೂ ಅಲ್ಲಿರಲಿಲ್ಲ ಬಂಧುಗಳೇ, ಎಲ್ಲಾ ನಾವೇ. ನಾನೂ ಇದ್ದೆ. ಬಾಯಿ ಬಿಡಲಿಲ್ಲ. ಅವಳು ಹುಣಸೆಮರದ ಕೆಳಗೆ ನಿಂತಿದ್ದು, ಸಂಜೆ ಬಸ್ಸಿಗೆ ಹೋದಳು.

ಚಿಕ್ಕಲ್ಲೂರು ಜಾತ್ರೆಯ ಪಂಕ್ತಿಸೇವೆಯನ್ನು ನಾವು ಎದೆ ತಟ್ಟಿ ಹೇಳ್ತೀವಿ. ಎಲ್ಲಾ ಜಾತಿಯೂ ಒಂದೇ ಸಾಲಿನಲ್ಲಿ ಕೂತು ಉಣ್ಣೋದು, ಅದನ್ನು ನಿಲ್ಲಿಸೋಕೆ ಬಂದಾಗ ಜಗಳ ಆಡಿದ್ದೀವಿ. ಆ ಸಾಲಿನಲ್ಲಿ ಅವಳಿಗೆ ಎಲೆ ಹಾಕ್ತೀವಾ?

ಹೋದ ಏಪ್ರಿಲ್‌ನಲ್ಲಿ ಅವಳ ನಂಬರ್ ಹುಡುಕಿ ಫೋನ್ ಮಾಡಿದೆ. 14ರ ಮೆರವಣಿಗೆಗೆ ಬಾಕ್ಕ ಅಂದೆ. ಸುಮಾರು ಹೊತ್ತು ಸುಮ್ಮನಿದ್ದಳು. "ಬತ್ತೀನಿ ಕಣಪ್ಪ, ನನ್ನ ಎಲ್ಲಿ ನಿಲ್ಲಿಸ್ತೀಯ, ಹೆಂಗಸ್ರ ಸಾಲ್ನಲ್ಲೋ ಗಂಡಸ್ರ ಸಾಲ್ನಲ್ಲೋ?" ಅಂದಳು. ನಾನು ತಡಬಡಾಯಿಸಿದೆ. ಅವಳು ಬರಲಿಲ್ಲ.

ಮುಂದಿನ ತಿಂಗಳ ನಮ್ಮ ಸಂಘದ ಸಭೆಯಲ್ಲಿ ಈ ವಿಷಯ ಇಡ್ತಿದ್ದೀನಿ. ಅವತ್ತು ಮಣ್ಣಿನ ಹತ್ತಿರ ಇದ್ದ ಯಜಮಾನರಿಗೂ ಹೇಳಿದ್ದೀನಿ. ಕಾಮೆಂಟ್ ಹಾಕಿದ ತಮ್ಮ, ನೀನೂ ಬಾ.

ಜೈ ಭೀಮ್.