ಈಡು

ಕೆಡು ‘ಕೇಡು’ ಆದಂತೆ, ಪಡು ‘ಪಾಡು’ ಆದಂತೆ ‘ಇಡು’ ಧಾತು ದೀರ್ಘವಾಗಿ ‘ಈಡು’ ಆಯಿತು. ಹಳಗನ್ನಡದ ಇಡುವಿಗೆ ಹೊಡೆ, ಎಸೆ ಎಂಬ ಅರ್ಥವೂ ಇತ್ತು. ಬಾಣದ ಕಾಲದ ಮಾತು ಕೋವಿಗೂ ಒದಗಿತು. ‘ಒಂದೇ ಈಡಿಗೆ ಬಿತ್ತು’ ಎನ್ನುವುದು ಮಲೆನಾಡಿನ ಶಿಕಾರಿಯವರ ಜಂಬವಾಗಿತ್ತು.

ಆ ಜಂಬಕ್ಕೆ ಗುಂಡಿನ ವೇಗವೇ ಬೇಕೆಂದಿಲ್ಲ. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ (1910–1974) ನೆಚ್ಚಿದ್ದು .405 ವಿಂಚೆಸ್ಟರ್ ರೈಫಲ್. ಗುಂಡಿನ ತೂಕ ಸುಮಾರು 19 ಗ್ರಾಂ, ವೇಗ ಸೆಕೆಂಡಿಗೆ 670 ಮೀಟರ್ ಆಸುಪಾಸು. ಇಂದಿನ ರೈಫಲ್‌ಗಳು 900 ದಾಟುವುದುಂಟು. ನಿಧಾನದ ದಪ್ಪ ಗುಂಡು ಸುಲಭಕ್ಕೆ ಚೂರಾಗದೆ ಆಳಕ್ಕಿಳಿದು ಮೂಳೆ ಮುರಿಯುತ್ತದೆ. ದೂರಕ್ಕೆ ಮಾತ್ರ ಬೇಗ ಕೆಳಗಿಳಿಯುತ್ತದೆ. ಹತ್ತಿರ ಹೋಗಿಯೇ ಈಡು ಹೊಡೆಯಬೇಕು. ಆಂಡರ್ಸನ್ ಅನುಭವಗಳನ್ನು ಲೇಖಕ ಪೂರ್ಣಚಂದ್ರ ತೇಜಸ್ವಿ ‘ಕಾಡಿನ ಕಥೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದಿದ್ದಾರೆ, ಓದಿ.