ದಂಡವತೆ, ಮಧು

ಮಧು ದಂಡವತೆ (1924-2005) ಭಾರತದ ಸಮಾಜವಾದಿ ಚಳವಳಿಯ ಪ್ರಮುಖ ನಾಯಕರಲ್ಲಿ ಒಬ್ಬರು. ಮಹಾರಾಷ್ಟ್ರದ ರಾಜಾಪುರ ಕ್ಷೇತ್ರದಿಂದ 1971ರಿಂದ ಮೊದಲ್ಗೊಂಡು ಸತತವಾಗಿ ಐದು ಬಾರಿ ಲೋಕಸಭೆಗೆ ಆಯ್ಕೆಯಾದ ಸಂಸದೀಯ ಪಟು. ಮೊರಾರ್ಜಿ ದೇಸಾಯಿಯವರ ಮಂತ್ರಿಮಂಡಲದಲ್ಲಿ ರೈಲ್ವೆ ಸಚಿವರಾಗಿಯೂ ವಿ.ಪಿ. ಸಿಂಗ್ ಅವರ ಮಂತ್ರಿಮಂಡಲದಲ್ಲಿ ಹಣಕಾಸು ಸಚಿವರಾಗಿಯೂ ಕೆಲಸ ಮಾಡಿದ ಅವರು ಯೋಜನಾ ಆಯೋಗದ ಉಪಾಧ್ಯಕ್ಷ ಸ್ಥಾನವನ್ನೂ ಎರಡು ಬಾರಿ ವಹಿಸಿಕೊಂಡಿದ್ದರು. ಎರಡನೆಯ ದರ್ಜೆಯ ರೈಲು ಪ್ರಯಾಣಿಕರಿಗೆ ಮೆತ್ತೆಯ ಬರ್ತು, ಸಣ್ಣ ರೈತರಿಗೆ ಸಾಲದ ಪರಿಹಾರ, ಪಶ್ಚಿಮ ಕರಾವಳಿಗೆ ಕೊಂಕಣ ರೈಲುಮಾರ್ಗ ಇವು ಅವರ ಹೆಸರಿನೊಂದಿಗೆ ಸೇರಿಕೊಂಡಿರುವ ಮುಖ್ಯ ಕಾರ್ಯಗಳು. ಸಮಾಜವಾದವನ್ನು ಘೋಷಣೆಯ ಮಟ್ಟದಲ್ಲಿ ಬಿಡದೆ ಸಾಮಾನ್ಯರ ದಿನನಿತ್ಯದ ಬದುಕಿಗೆ ತಟ್ಟುವ ಸುಧಾರಣೆಗಳಾಗಿ ಪರಿವರ್ತಿಸಿದ್ದರಲ್ಲಿ ಅವರ ರಾಜಕೀಯ ಜೀವನದ ವೈಶಿಷ್ಟ್ಯವಿದೆ.

ಆರಂಭದ ಜೀವನ

ದಂಡವತೆಯವರು ಹುಟ್ಟಿದ್ದು 1924ರ ಜನವರಿ 21ರಂದು, ಅಹಮದ್‌ನಗರದಲ್ಲಿ. ಮುಂಬಯಿಯಲ್ಲಿ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಪದವಿ ಪಡೆದು, ಡಾ. ಬಿ.ಆರ್. ಅಂಬೇಡ್ಕರ್ ಅವರ ಪೀಪಲ್ಸ್ ಎಜುಕೇಷನ್ ಸೊಸೈಟಿ 1946ರಲ್ಲಿ ಆರಂಭಿಸಿದ ಸಿದ್ಧಾರ್ಥ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ ಸೇರಿ, ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರೂ ಉಪಪ್ರಾಂಶುಪಾಲರೂ ಆಗಿ 1971ರ ವರೆಗೆ ದುಡಿದರು. ಅಂಕಿ ಅಂಶಗಳನ್ನು ಒಂದೊಂದಾಗಿ ಮುಂದಿಟ್ಟು, ಅವುಗಳಿಂದ ಹೊರಡುವ ತೀರ್ಮಾನವನ್ನು ಕೊನೆಗೆ ಹೇಳುವ ಅವರ ಸಂಸತ್ ಭಾಷಣಗಳ ಕ್ರಮದಲ್ಲಿ ಈ ದೀರ್ಘಕಾಲದ ಅಧ್ಯಾಪನದ ಪ್ರಭಾವ ಕಾಣುತ್ತದೆ.

ವಿದ್ಯಾರ್ಥಿಯಾಗಿದ್ದಾಗಲೇ 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಪಾಲ್ಗೊಂಡಿದ್ದ ಅವರು ಸ್ವಾತಂತ್ರ್ಯಾನಂತರ ಸಮಾಜವಾದಿ ಪಕ್ಷದಲ್ಲಿ ಸಕ್ರಿಯರಾದರು. ಕಾಂಗ್ರೆಸ್ಸಿನ ಒಳಗಿನ ಬಣವಾಗಿ 1934ರಲ್ಲಿ ರೂಪುಗೊಂಡಿದ್ದ ಸಮಾಜವಾದಿಗಳ ಸಂಘಟನೆ 1948ರಲ್ಲಿ ಕಾಂಗ್ರೆಸ್ಸನ್ನು ತೊರೆದು, 1952ರಲ್ಲಿ ಆಚಾರ್ಯ ಕೃಪಲಾನಿಯವರ ಪಕ್ಷದೊಂದಿಗೆ ಕೂಡಿಕೊಂಡು ಪ್ರಜಾ ಸೋಷಲಿಸ್ಟ್ ಪಕ್ಷವಾಯಿತು. ದಂಡವತೆಯವರು ಈ ಪಕ್ಷದ ಮಹಾರಾಷ್ಟ್ರ ಘಟಕದ ನೇತೃತ್ವ ವಹಿಸಿದ್ದರು. ಪೋರ್ಚುಗೀಸರ ಆಳ್ವಿಕೆಯಿಂದ ಗೋವೆಯನ್ನು ಬಿಡಿಸಲು 1955ರಲ್ಲಿ ನಡೆದ ಸತ್ಯಾಗ್ರಹದಲ್ಲಿ ಒಂದು ತಂಡದ ಮುಂದಾಳಾಗಿ ಗಡಿ ದಾಟಿದ ಅವರು, ಮರಾಠಿ ಭಾಷಿಕರ ರಾಜ್ಯಕ್ಕಾಗಿ ನಡೆದ ಸಂಯುಕ್ತ ಮಹಾರಾಷ್ಟ್ರ ಚಳವಳಿಯಲ್ಲೂ ಭಾಗವಹಿಸಿದರು. 1970-71ರಲ್ಲಿ ಮಹಾರಾಷ್ಟ್ರ ವಿಧಾನ ಪರಿಷತ್ತಿನ ಸದಸ್ಯರಾಗಿದ್ದುದು ಅವರ ಶಾಸಕ ಜೀವನದ ಮೊದಲ ಹಂತ.

ಲೋಕಸಭೆಗೆ ಪ್ರವೇಶ

ಕೊಂಕಣದ ದಕ್ಷಿಣ ಭಾಗವನ್ನು ಒಳಗೊಂಡಿದ್ದ ರಾಜಾಪುರ ಕ್ಷೇತ್ರವನ್ನು 1957ರಿಂದ ಪ್ರತಿನಿಧಿಸುತ್ತಿದ್ದವರು ಪ್ರಖರ ವಾಗ್ಮಿ ನಾಥ್ ಪೈ. ಅವರು 1971ರ ಜನವರಿಯಲ್ಲಿ ಬೆಳಗಾವಿಯಲ್ಲಿ ಹಠಾತ್ತನೆ ನಿಧನರಾದಾಗ ಸಾರ್ವತ್ರಿಕ ಚುನಾವಣೆ ಹತ್ತಿರ ಬಂದಿತ್ತು. ಅವರ ಜಾಗದಲ್ಲಿ ಸ್ಪರ್ಧಿಸಿದ ದಂಡವತೆಯವರು, ಇಂದಿರಾ ಗಾಂಧಿಯವರ ಪರವಾದ ಅಲೆಯಲ್ಲಿ ಪ್ರತಿಪಕ್ಷಗಳು ಕೊಚ್ಚಿಹೋದ ಆ ಚುನಾವಣೆಯಲ್ಲಿ ಗೆದ್ದು ಬಂದರು. ಪ್ರಜಾ ಸೋಷಲಿಸ್ಟ್ ಪಕ್ಷದಿಂದ ಆ ವರ್ಷ ಲೋಕಸಭೆ ಸೇರಿದವರು ಇಬ್ಬರೇ: ದಂಡವತೆ ಮತ್ತು ಬಂಗಾಳದ ಸಮರ್ ಗುಹ. ಬಳಿಕ ಪಕ್ಷ ಬೇರೆ ಬೇರೆ ಹೆಸರುಗಳನ್ನು ತಳೆದರೂ ಕ್ಷೇತ್ರದ ಮತದಾರರು ಅವರನ್ನು ಕೈಬಿಡಲಿಲ್ಲ. 1977, 1980, 1984 ಮತ್ತು 1989ರಲ್ಲಿಯೂ ಅವರೇ ಆಯ್ಕೆಯಾದರು. ಇಂದಿರಾ ಗಾಂಧಿಯವರ ಹತ್ಯೆಯ ನಂತರ ನಡೆದ 1984ರ ಚುನಾವಣೆಯಲ್ಲಿ ಇಡೀ ದೇಶದಲ್ಲಿ ಜನತಾ ಪಕ್ಷಕ್ಕೆ ದಕ್ಕಿದ್ದು ಹತ್ತು ಸ್ಥಾನಗಳು ಮಾತ್ರ ಎಂಬುದನ್ನು ನೆನೆದರೆ ಈ ನಿಷ್ಠೆಯ ಬೆಲೆ ತಿಳಿಯುತ್ತದೆ.

ಸದನದಲ್ಲಿ ಅವರು ಹೆಸರಾದದ್ದು ನಿಯಮಾವಳಿಯ ಮೇಲಿನ ಹಿಡಿತಕ್ಕಾಗಿ. ದಿನದ ಕಲಾಪದ ಮೊದಲ ಗಂಟೆಯಲ್ಲಿ ಸಚಿವರಿಂದ ಉತ್ತರ ಪಡೆಯುವ ಪ್ರಶ್ನೋತ್ತರ ಅವಧಿ, ತುರ್ತು ಮಹತ್ತ್ವದ ವಿಷಯಕ್ಕಾಗಿ ನಿಗದಿತ ಕಲಾಪವನ್ನು ಬದಿಗಿರಿಸುವಂತೆ ಕೋರುವ ನಿಲುವಳಿ ಸೂಚನೆ, ಸದನದ ಘನತೆಗೆ ಧಕ್ಕೆಯಾದಾಗ ಮಂಡಿಸುವ ಹಕ್ಕುಚ್ಯುತಿ ಪ್ರಸ್ತಾವ ಇವೆಲ್ಲವನ್ನೂ ಸರ್ಕಾರವನ್ನು ಉತ್ತರದಾಯಿಯಾಗಿಸುವ ಸಾಧನಗಳೆಂದು ಅವರು ಬಗೆದು, ಸಂಖ್ಯಾಬಲವಿಲ್ಲದ ಪ್ರತಿಪಕ್ಷಕ್ಕೆ ಸಿದ್ಧತೆಯೇ ಬಲವೆಂಬ ನಂಬಿಕೆಯಿಂದ ನಡೆದುಕೊಂಡರು. ಮಾತಿನಲ್ಲಿ ವಿನೋದವಿದ್ದರೂ ವ್ಯಕ್ತಿನಿಂದೆ ಇರುತ್ತಿರಲಿಲ್ಲವಾದ್ದರಿಂದ ಎದುರು ಪಕ್ಷದವರೂ ಅವರನ್ನು ಗೌರವದಿಂದ ಆಲಿಸುತ್ತಿದ್ದರು.

ತುರ್ತುಪರಿಸ್ಥಿತಿ ಮತ್ತು ಬೆಂಗಳೂರಿನ ಸೆರೆವಾಸ

ದಂಡವತೆಯವರ ಜೀವನದ ಒಂದು ಕಠಿಣ ಕಾಲಘಟ್ಟ ಕರ್ನಾಟಕದಲ್ಲಿ ಕಳೆಯಿತು. ಶಾಸಕರು ತಾವು ಗೆದ್ದ ಪಕ್ಷವನ್ನು ಬಿಟ್ಟು ಬೇರೆ ಪಕ್ಷ ಸೇರುವುದನ್ನು ತಡೆಯಲು 1973ರಲ್ಲಿ ಮಂಡನೆಯಾಗಿದ್ದ ಸಂವಿಧಾನ ತಿದ್ದುಪಡಿ ಮಸೂದೆಯನ್ನು ಉಭಯ ಸದನಗಳ ಜಂಟಿ ಸಮಿತಿಯೊಂದು ಪರಿಶೀಲಿಸುತ್ತಿತ್ತು. ಅದರ ಸಭೆಗಾಗಿ ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಆಡ್ವಾಣಿ, ಶ್ಯಾಮನಂದನ ಮಿಶ್ರ ಮತ್ತು ದಂಡವತೆಯವರನ್ನು, ತುರ್ತುಪರಿಸ್ಥಿತಿ ಘೋಷಣೆಯ ಬೆನ್ನಲ್ಲೇ 1975ರ ಜೂನ್ 26ರಂದು ಬಂಧಿಸಿ ಬೆಂಗಳೂರಿನ ಕೇಂದ್ರ ಕಾರಾಗೃಹಕ್ಕೆ ಸಾಗಿಸಲಾಯಿತು. ವಿಚಾರಣೆಯಿಲ್ಲದೆ ಬಂಧನದಲ್ಲಿಡಲು ಅವಕಾಶ ಕೊಡುತ್ತಿದ್ದ, 'ಮೀಸಾ' ಎಂದು ಹೆಸರಾದ ಆಂತರಿಕ ಭದ್ರತಾ ಕಾಯ್ದೆ ಇದಕ್ಕೆ ಬಳಕೆಯಾಯಿತು.

ಬಂಧಿತರು ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು, ಎಂದರೆ ಬಂಧಿತ ವ್ಯಕ್ತಿಯನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಿ ಬಂಧನಕ್ಕೆ ಕಾನೂನಿನ ಆಧಾರ ತೋರಿಸಬೇಕೆಂದು ಕೋರುವ ಅರ್ಜಿಗಳನ್ನು ಸಲ್ಲಿಸಿದರು. ಬಂಧಿತರ ಪರವಾಗಿ ಹಿರಿಯ ನ್ಯಾಯವಾದಿ ಎಂ.ಸಿ. ಛಾಗ್ಲಾ ವಾದಿಸಿದರು. ಆದರೆ 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯ ತುರ್ತುಪರಿಸ್ಥಿತಿಯ ಕಾಲದಲ್ಲಿ ಇಂಥ ಪರಿಹಾರ ದೊರೆಯದೆಂದು ಬಹುಮತದ ತೀರ್ಪು ನೀಡಿದ್ದರಿಂದ ದೇಶದಾದ್ಯಂತ ಮೀಸಾ ಬಂಧಿತರಿಗೆ ಆ ದಾರಿ ಮುಚ್ಚಿತು. ಇದೇ ಅವಧಿಯಲ್ಲಿ ಅವರ ಪತ್ನಿ ಪ್ರಮೀಳಾ ದಂಡವತೆಯವರು ಪುಣೆಯ ಯರವಡಾ ಜೈಲಿನಲ್ಲಿದ್ದರು. ಎರಡು ಸೆರೆಮನೆಗಳ ನಡುವೆ ಈ ದಂಪತಿ ಬರೆದುಕೊಂಡ ಪತ್ರಗಳು ಆ ಕಾಲದ ಮುಖ್ಯ ದಾಖಲೆಗಳಲ್ಲಿ ಸೇರಿವೆ. ಪ್ರಮೀಳಾ ಅವರು ಮಹಿಳಾ ದಕ್ಷತಾ ಸಮಿತಿಯ ಮೂಲಕ ವರದಕ್ಷಿಣೆಯ ವಿರುದ್ಧ ಹೋರಾಡಿದವರು. 1980ರಲ್ಲಿ ಮುಂಬಯಿಯಿಂದ ಲೋಕಸಭೆಗೆ ಆಯ್ಕೆಯಾಗಿ ಪತಿಯೊಂದಿಗೆ ಅದೇ ಸದನದ ಸದಸ್ಯರಾದರು.

ರೈಲ್ವೆ ಸಚಿವರಾಗಿ

1977ರ ಮಾರ್ಚಿನಲ್ಲಿ ಅಧಿಕಾರಕ್ಕೆ ಬಂದ ಜನತಾ ಸರ್ಕಾರದಲ್ಲಿ ದಂಡವತೆಯವರಿಗೆ ರೈಲ್ವೆ ಖಾತೆ ದೊರೆತು, 1979ರ ಜುಲೈವರೆಗೆ ಅವರಲ್ಲಿತ್ತು. ರೈಲ್ವೆಗೆ 1924ರಿಂದ ಪ್ರತ್ಯೇಕ ಮುಂಗಡಪತ್ರವನ್ನು ಮಂಡಿಸುವ ಪದ್ಧತಿ ಆಗ ಜಾರಿಯಲ್ಲಿತ್ತಾದ್ದರಿಂದ ಈ ಖಾತೆಗೆ ಬೇರೆ ಇಲಾಖೆಗಳಿಗಿಲ್ಲದ ಸ್ವಾತಂತ್ರ್ಯವೂ ಹೊಣೆಯೂ ಇದ್ದವು. ಅವರ ಮುಂದಿದ್ದ ಮೊದಲ ಪ್ರಶ್ನೆ 1974ರ ಮುಷ್ಕರದ್ದು. ಮಂಗಳೂರಿನಲ್ಲಿ ಹುಟ್ಟಿದ ಕಾರ್ಮಿಕ ನಾಯಕ ಜಾರ್ಜ್ ಫರ್ನಾಂಡಿಸ್ ಅವರ ನೇತೃತ್ವದಲ್ಲಿ ಆ ವರ್ಷದ ಮೇ ತಿಂಗಳಲ್ಲಿ ಮೂರು ವಾರಗಳ ಕಾಲ ನಡೆದ ಮುಷ್ಕರವನ್ನು ಸರ್ಕಾರ ಬಲಪ್ರಯೋಗದಿಂದ ಹತ್ತಿಕ್ಕಿ, ಸಾವಿರಾರು ನೌಕರರನ್ನು ಕೆಲಸದಿಂದ ತೆಗೆದುಹಾಕಿತ್ತು. ದಂಡವತೆಯವರು ಅವರನ್ನು ಮರಳಿ ಕೆಲಸಕ್ಕೆ ಸೇರಿಸಿಕೊಂಡು, ನೌಕರರಿಗೂ ಆಡಳಿತಕ್ಕೂ ನಡುವೆ ಮುರಿದುಬಿದ್ದಿದ್ದ ನಂಬಿಕೆಯನ್ನು ಮತ್ತೆ ಕಟ್ಟಲು ಯತ್ನಿಸಿದರು.

ಎರಡನೆಯದು ಪ್ರಯಾಣಿಕರ ಸ್ಥಿತಿ. 1974ರಲ್ಲಿ ಮೂರನೆಯ ದರ್ಜೆ ಅಧಿಕೃತವಾಗಿ ರದ್ದಾಗಿದ್ದರೂ, ಆ ಡಬ್ಬಿಗಳೇ ಎರಡನೆಯ ದರ್ಜೆಯ ಹೆಸರಿನಲ್ಲಿ ಓಡುತ್ತಿದ್ದು, ಬಡ ಪ್ರಯಾಣಿಕರು ಬರಿಯ ಮರದ ಹಲಗೆಗಳ ಮೇಲೆ ರಾತ್ರಿಗಳನ್ನು ಕಳೆಯಬೇಕಾಗಿತ್ತು. ಈ ಹಲಗೆಗಳಿಗೆ ಎರಡು ಅಂಗುಲ ದಪ್ಪದ ಫೋಮಿನ ಮೆತ್ತೆ ಹೊದಿಸುವ ನಿರ್ಧಾರವನ್ನು ಅವರು ಕೈಗೊಂಡರು. ಮೊದಲ ದರ್ಜೆಯವರ ಸೌಕರ್ಯವನ್ನು ಕಿತ್ತುಕೊಳ್ಳುವುದಲ್ಲ, ಎರಡನೆಯ ದರ್ಜೆಯನ್ನು ಮೇಲೆತ್ತುವುದೇ ತಮ್ಮ ಗುರಿ ಎಂಬುದು ಅವರ ನಿಲುವಾಗಿತ್ತು. 1977ರ ಡಿಸೆಂಬರ್ 26ರಂದು ಮುಂಬಯಿ ಮತ್ತು ಹೌರಾ ನಡುವೆ ಆರಂಭವಾದ ಗೀತಾಂಜಲಿ ಎಕ್ಸ್‌ಪ್ರೆಸ್ ಈ ನಿಲುವಿನ ಪ್ರತ್ಯಕ್ಷ ರೂಪವಾಗಿತ್ತು. ಎಲ್ಲ ಡಬ್ಬಿಗಳೂ ಎರಡನೆಯ ದರ್ಜೆಯವೇ ಆಗಿದ್ದ ಆ ದೂರಪ್ರಯಾಣದ ವೇಗದ ರೈಲಿನಲ್ಲಿ ಪ್ರಯಾಣಿಕರ ನಡುವೆ ದರ್ಜೆಯ ಭೇದವಿರಲಿಲ್ಲ. ಮೆತ್ತೆಯ ಬರ್ತು ಮುಂದೆ ಇಡೀ ದೇಶಕ್ಕೆ ವ್ಯಾಪಿಸಿ, ಕೋಟ್ಯಂತರ ಜನ ಅದನ್ನು ಸಹಜವೆಂದು ಭಾವಿಸುವಷ್ಟು ಸಾಮಾನ್ಯವಾಯಿತು.

ಕೊಂಕಣ ರೈಲುಮಾರ್ಗ

ಮುಂಬಯಿಯ ಗಿರಣಿಗಳಿಗೂ ಬಂದರಿಗೂ ದುಡಿಯುವ ಕೈಗಳನ್ನು ಒದಗಿಸಿ, ಅವರು ಕಳಿಸುವ ಮನಿ ಆರ್ಡರುಗಳಿಂದ ಬಾಳುತ್ತಿದ್ದ ಕೊಂಕಣಕ್ಕೆ ರೈಲಿನ ಸಂಪರ್ಕವಿರಲಿಲ್ಲ. ನಾಥ್ ಪೈಯವರು ಎತ್ತಿದ್ದ ಈ ಬೇಡಿಕೆಯನ್ನು ದಂಡವತೆಯವರು ತಮ್ಮ ಜೀವನದ ಕಾರ್ಯವಾಗಿ ಮಾಡಿಕೊಂಡರು. ಅವರು ರೈಲ್ವೆ ಸಚಿವರಾಗಿದ್ದಾಗ ಕೈಗೆತ್ತಿಕೊಂಡ ಆಪ್ಟಾ-ರೋಹಾ ಮಾರ್ಗ 1986ರಲ್ಲಿ ಸಂಚಾರಕ್ಕೆ ತೆರೆಯಿತು. ಅಲ್ಲಿಂದ ದಕ್ಷಿಣಕ್ಕೆ ಸಹ್ಯಾದ್ರಿಯ ತಪ್ಪಲಿನಲ್ಲಿ ನೂರಾರು ಕಿಲೋಮೀಟರು ಹಳಿ ಹಾಕುವಷ್ಟು ಹಣ ರೈಲ್ವೆಯ ವಾರ್ಷಿಕ ಅನುದಾನದಲ್ಲಿ ದೊರೆಯುವಂತಿರಲಿಲ್ಲ. ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರೂ ದಂಡವತೆ ಹಣಕಾಸು ಸಚಿವರೂ ಆಗಿದ್ದ 1990ರಲ್ಲಿ ಈ ತೊಡಕಿಗೆ ಪರಿಹಾರ ದೊರೆತು, ಬಾಂಡುಗಳ ಮೂಲಕ ಸಾರ್ವಜನಿಕರಿಂದ ಹಣ ಎತ್ತಬಲ್ಲ ಪ್ರತ್ಯೇಕ ನಿಗಮವೊಂದು ಆ ವರ್ಷದ ಜುಲೈ 19ರಂದು ನೋಂದಣಿಯಾಯಿತು. ಕೊಂಕಣ ರೈಲ್ವೆ ನಿಗಮದ ಮೂಲ ಬಂಡವಾಳದಲ್ಲಿ ಕೇಂದ್ರಕ್ಕೆ ಶೇ. 51, ಮಹಾರಾಷ್ಟ್ರಕ್ಕೆ ಶೇ. 22, ಕರ್ನಾಟಕಕ್ಕೆ ಶೇ. 15, ಗೋವಾ ಮತ್ತು ಕೇರಳಕ್ಕೆ ತಲಾ ಶೇ. 6 ಪಾಲು ನಿಗದಿಯಾಗಿ, ಇ. ಶ್ರೀಧರನ್ ಅದರ ಮೊದಲ ಅಧ್ಯಕ್ಷ ಮತ್ತು ವ್ಯವಸ್ಥಾಪಕ ನಿರ್ದೇಶಕರಾದರು.

ರೋಹಾದಿಂದ ಮಂಗಳೂರಿನ ಸಮೀಪದ ತೋಕೂರಿನ ವರೆಗೆ ಸುಮಾರು 740 ಕಿಲೋಮೀಟರು ಉದ್ದದ ಈ ಮಾರ್ಗದಲ್ಲಿ ಮಂಗಳೂರು-ಉಡುಪಿ ಭಾಗ 1993ರಲ್ಲಿ ಮೊದಲಿಗೆ ತೆರೆದು, ಇಡೀ ಮಾರ್ಗ 1998ರ ಜನವರಿಯಲ್ಲಿ ಪೂರ್ಣಗೊಂಡಿತು. ಹೊನ್ನಾವರದ ಬಳಿ ಶರಾವತಿಯ ಮೇಲಿರುವ ಎರಡು ಕಿಲೋಮೀಟರಿಗೂ ಮಿಕ್ಕಿದ ಸೇತುವೆ ಈ ಮಾರ್ಗದ ಅತಿ ಉದ್ದದ ಸೇತುವೆ. ಹೀಗೆ ರತ್ನಾಗಿರಿ ಮತ್ತು ಸಿಂಧುದುರ್ಗದ ಜನರಿಗಾಗಿ ಆರಂಭವಾದ ಹೋರಾಟದ ಫಲ ಕಾರವಾರ, ಕುಮಟಾ, ಭಟ್ಕಳ, ಕುಂದಾಪುರ, ಉಡುಪಿಗಳ ಜನರಿಗೂ ದಕ್ಕಿತು.

ಹಣಕಾಸು ಸಚಿವರಾಗಿ

1979ರಲ್ಲಿ ಜನತಾ ಪಕ್ಷ ಒಡೆದು ಹಲವು ಸಮಾಜವಾದಿ ಸಂಗಾತಿಗಳು ಚರಣ್ ಸಿಂಗ್ ಅವರ ಬಣಕ್ಕೆ ಹೋದಾಗಲೂ ದಂಡವತೆಯವರು ಮೂಲ ಪಕ್ಷದಲ್ಲೇ ಉಳಿದು, ಎಂಬತ್ತರ ದಶಕವಿಡೀ ಪ್ರತಿಪಕ್ಷದ ಪೀಠದಿಂದ ಕೆಲಸ ಮಾಡಿದರು. 1988ರ ಅಕ್ಟೋಬರ್ 11ರಂದು ಬೆಂಗಳೂರಿನಲ್ಲಿ ಜನತಾ ದಳ ರೂಪುಗೊಂಡಾಗ ಅದರ ಹಿರಿಯ ನಾಯಕರಲ್ಲಿ ಒಬ್ಬರಾದರು. 1989ರ ಡಿಸೆಂಬರಿನಲ್ಲಿ ವಿ.ಪಿ. ಸಿಂಗ್ ಅವರ ಸರ್ಕಾರದ ಹಣಕಾಸು ಸಚಿವರಾದರು.

ಅವರು ಮಂಡಿಸಿದ 1990-91ರ ಮುಂಗಡಪತ್ರದ ಮುಖ್ಯ ಅಂಶ ಕೃಷಿ ಮತ್ತು ಗ್ರಾಮೀಣ ಸಾಲ ಪರಿಹಾರ ಯೋಜನೆ. ಸಾರ್ವಜನಿಕ ವಲಯದ ಬ್ಯಾಂಕುಗಳು ಮತ್ತು ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳಿಂದ ಸಾಲ ಪಡೆದ ರೈತರು, ಕುಶಲಕರ್ಮಿಗಳು ಹಾಗೂ ನೇಕಾರರಿಗೆ 1989ರ ಅಕ್ಟೋಬರ್ 2ಕ್ಕೆ ಇದ್ದಂತೆ ಬಾಕಿಯಾಗಿದ್ದ ಹಣದಲ್ಲಿ 10,000 ರೂಪಾಯಿವರೆಗಿನ ಮೊತ್ತಕ್ಕೆ ಪರಿಹಾರ ಕೊಡುವ ಈ ಯೋಜನೆಯಿಂದ, ಶಕ್ತಿಯಿದ್ದೂ ಬೇಕೆಂದೇ ಸಾಲ ತೀರಿಸದವರನ್ನು ಹೊರಗಿಡಲಾಗಿತ್ತು. ಇದು ಮರುಪಾವತಿಯ ಶಿಸ್ತನ್ನು ಸಡಿಲಗೊಳಿಸಿತೆಂಬ ಟೀಕೆ ಬ್ಯಾಂಕಿಂಗ್ ವಲಯದಿಂದ ಬಂತು. ಮುಂದಿನ ದಶಕಗಳ ಸಾಲಮನ್ನಾ ಚರ್ಚೆಗಳೆಲ್ಲ ಈ ಯೋಜನೆಯನ್ನು ಉಲ್ಲೇಖಿಸುತ್ತವೆ. ಅದೇ ವರ್ಷ ಅವರು 1968ರ ಚಿನ್ನ ನಿಯಂತ್ರಣ ಕಾಯ್ದೆಯನ್ನು ರದ್ದುಪಡಿಸಿದರು. ಚೀನಾ ಯುದ್ಧದ ನಂತರ 1963ರಲ್ಲಿ ಮೊರಾರ್ಜಿ ದೇಸಾಯಿಯವರು ತಂದ ನಿರ್ಬಂಧಗಳಿಂದ ಆರಂಭವಾದ ಈ ವ್ಯವಸ್ಥೆ ಕಳ್ಳಸಾಗಣೆಯನ್ನು ತಡೆಯುವಲ್ಲಿ ವಿಫಲವಾಗಿ, ಅಕ್ಕಸಾಲಿಗರ ಕಸುಬಿಗೆ ಮಾತ್ರ ಪೆಟ್ಟು ಕೊಟ್ಟಿತ್ತು.

ಆದರೆ ಎಂಬತ್ತರ ದಶಕದಲ್ಲಿ ಬೆಳೆದಿದ್ದ ವಿತ್ತೀಯ ಕೊರತೆ ಮತ್ತು ವಿದೇಶಿ ಸಾಲದ ಹೊರೆಯನ್ನು ಇಳಿಸಲು ಅವರಿಗೆ ಸಮಯ ಸಿಗಲಿಲ್ಲ. 1990ರ ಆಗಸ್ಟಿನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದ ಮೇಲೆ ತೈಲದ ಬೆಲೆ ಏರಿ, ಕೊಲ್ಲಿ ದೇಶಗಳಿಂದ ಬರುತ್ತಿದ್ದ ಹಣ ಕುಗ್ಗಿ, ವಿದೇಶಿ ವಿನಿಮಯದ ಸಂಗ್ರಹ ಕರಗತೊಡಗಿತು. ನವೆಂಬರಿನಲ್ಲಿ ಸರ್ಕಾರ ಬಿದ್ದುಹೋಯಿತು. 1991ರ ಪಾವತಿ ಬಿಕ್ಕಟ್ಟನ್ನು ನಂತರದ ಸರ್ಕಾರಗಳು ಎದುರಿಸಬೇಕಾಯಿತು.

ಕೊನೆಯ ವರ್ಷಗಳು

1991ರ ಚುನಾವಣೆಯಲ್ಲಿ ದಂಡವತೆಯವರು ರಾಜಾಪುರದಲ್ಲಿ ಸೋತರು. ಅಲ್ಲಿಗೆ ಅವರ ಲೋಕಸಭಾ ಜೀವನ ಮುಗಿಯಿತು. 1990ರಲ್ಲಿ ಅಲ್ಪಕಾಲ ವಹಿಸಿದ್ದ ಯೋಜನಾ ಆಯೋಗದ ಉಪಾಧ್ಯಕ್ಷ ಹುದ್ದೆಗೆ, ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದ 1996ರಲ್ಲಿ ಮರಳಿ 1998ರ ವರೆಗೆ ಮುಂದುವರಿದರು. ಕುಡಿಯುವ ನೀರು, ಪ್ರಾಥಮಿಕ ಆರೋಗ್ಯ, ಪ್ರಾಥಮಿಕ ಶಿಕ್ಷಣ, ವಸತಿ, ಶಾಲಾಮಕ್ಕಳ ಊಟ, ಹಳ್ಳಿಗಳ ರಸ್ತೆ, ಪಡಿತರ ಎಂಬ ಏಳು ಮೂಲ ಸೇವೆಗಳಿಗೆ ಆದ್ಯತೆ ನೀಡುವ ಒಂಬತ್ತನೆಯ ಪಂಚವಾರ್ಷಿಕ ಯೋಜನೆಯ ರೂಪುರೇಷೆ ಸಿದ್ಧವಾದದ್ದು ಆ ಅವಧಿಯಲ್ಲಿ. 'ಮಾರ್ಕ್ಸ್ ಅಂಡ್ ಗಾಂಧಿ', 'ಎಕೋಸ್ ಇನ್ ಪಾರ್ಲಿಮೆಂಟ್', ಆತ್ಮಕಥನ 'ಡೈಲಾಗ್ ವಿತ್ ಲೈಫ್' ಅವರ ಇಂಗ್ಲಿಷ್ ಕೃತಿಗಳಲ್ಲಿ ಮುಖ್ಯವಾದವು. 2005ರ ನವೆಂಬರ್ 12ರಂದು ಮುಂಬಯಿಯಲ್ಲಿ ಅವರು ನಿಧನರಾದರು. ಅವರ ಇಚ್ಛೆಯಂತೆ ದೇಹವನ್ನು ಜೆ.ಜೆ. ಆಸ್ಪತ್ರೆಗೆ ದಾನವಾಗಿ ನೀಡಲಾಯಿತು.

ಎರಡು ಖಾತೆಗಳೂ ಸೇರಿ ದಂಡವತೆಯವರು ಸಚಿವರಾಗಿದ್ದದ್ದು ಮೂರು ವರ್ಷಕ್ಕೆ ತುಸು ಹೆಚ್ಚು ಕಾಲ ಮಾತ್ರ. ಲೋಕಸಭೆಯ ಉಳಿದ ವರ್ಷಗಳನ್ನೆಲ್ಲ ಅವರು ಪ್ರತಿಪಕ್ಷದಲ್ಲಿ ಕಳೆದರು. ಅಧಿಕಾರದ ಅವಧಿ ಎಷ್ಟೇ ಕಿರಿದಾಗಿದ್ದರೂ ಬಡವರ ಅಗತ್ಯವನ್ನು ಅರಿತು ಮಾಡಿದ ಸುಧಾರಣೆ ಸರ್ಕಾರಗಳು ಬದಲಾದ ಮೇಲೂ ಉಳಿಯುತ್ತದೆಂಬುದನ್ನು ಅವರ ರಾಜಕೀಯ ಜೀವನ ತೋರಿಸಿಕೊಟ್ಟಿದ್ದು, ಸ್ವತಂತ್ರ ಭಾರತದ ಶ್ರೇಷ್ಠ ಸಂಸದರ ಸಾಲಿನಲ್ಲಿ ಅವರಿಗೆ ಸ್ಥಾನ ಸಲ್ಲುವುದು ಈ ಕಾರಣದಿಂದಲೇ.